ದೀಪದ ಮೇಲೊಂದು ಬೊಟ್ಟು

ಮೂವತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದವನಿಗೆ ಕಾರಿನ ಬ್ಯಾಟರಿ ಯಾವ ಮಹಾ? ಈ ಪ್ರಶ್ನೆಯನ್ನು ನಾನು ಕೇಳಿದ್ದು ನನ್ನನ್ನೇ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಬೇರೆ ಯಾರನ್ನಾದರೂ ಕೇಳಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಹೆಗ್ಗನಹಳ್ಳಿಯಲ್ಲಿ. ಮನೆಯ ಮುಂದೆ ನಿಲ್ಲುವ ಕಾರಿಗೆ ಈಗ ಇಪ್ಪತ್ತೆರಡು ವರ್ಷ. ಕೊಂಡಾಗ ಬೆಳ್ಳಗಿತ್ತು, ಈಗ ಕೆನೆಯ ಬಣ್ಣಕ್ಕೆ ಬಂದಿದೆ. ಅದರಲ್ಲಿ ಇನ್ನೂ ಕ್ಯಾಸೆಟ್ ಹಾಡುತ್ತದೆ. ಕಿಟಕಿಯ ಗಾಜನ್ನು ಕೈಯಿಂದ ತಿರುಗಿಸಿ ಇಳಿಸಬೇಕು. ನಾನು ಇದನ್ನು ವ್ಯಾಯಾಮ ಎನ್ನುತ್ತೇನೆ. ನನ್ನ ಹೆಂಡತಿ ಗಿರಿಜಾ ಬೇರೆ ಏನೋ ಅನ್ನುತ್ತಾಳೆ. ಅವಳು ಕೆಲಸ ಮಾಡುವುದು ಒಂದು ವಿಮಾ ಕಚೇರಿಯಲ್ಲಿ. ಅಪಾಯವನ್ನು ದೂರದಿಂದಲೇ ಗುರುತಿಸುವುದು ಅವಳ ವೃತ್ತಿ. ಅಂಥವಳು ನನ್ನನ್ನು ಮದುವೆಯಾದದ್ದು ಹೇಗೆ ಎನ್ನುವುದಕ್ಕೆ ಅವಳ ಹತ್ತಿರವೂ ಉತ್ತರವಿಲ್ಲ.

ಈ ಕಾರಿನ ಬಗ್ಗೆ ನನಗೆ ಇನ್ನೊಂದು ಹೆಮ್ಮೆ ಇದೆ. ಪ್ರತಿ ವರ್ಷ ಆಯುಧಪೂಜೆಯನ್ನು ನಾನೇ ಮಾಡುತ್ತೇನೆ. ಉಳಿದವರು ಬಾನೆಟ್ಟಿನ ಮೇಲೊಂದು ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸಿಬಿಡುತ್ತಾರೆ. ನಾನು ಹಾಗಲ್ಲ. ಬಾನೆಟ್ ಎತ್ತಿ, ಯಾವ ಅಂಗದ ಕೆಲಸವೇನು ಎಂದು ತಿಳಿದು ಪೂಜೆ ಮಾಡುತ್ತೇನೆ. ಬ್ಯಾಟರಿಗೆ ಮೂರು ಗೆರೆ ವಿಭೂತಿ. ರೇಡಿಯೇಟರಿಗೆ ಕುಂಕುಮ. ಈ ವರ್ಷವಂತೂ ಎಂಜಿನ್ ಪಕ್ಕದಲ್ಲಿ ಕೂತು ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ವಿಶೇಷ ಗೌರವ ಸಲ್ಲಿಸಿದ್ದೆ. ಅರಿಶಿನದ ದಾರವನ್ನು ಮೂರು ಸುತ್ತು ಸುತ್ತಿ, ಬಿಚ್ಚಿಹೋಗದಂತೆ ಬಲವಾಗಿ ಎಳೆದು ಗಂಟು ಹಾಕಿದ್ದೆ. ಇದನ್ನು ನೋಡಿ ಎದುರು ಮನೆಯ ಗಂಗಣ್ಣನವರು, "ಮೇಷ್ಟ್ರೇ, ಇಷ್ಟು ಪೂಜೆ ನಾನು ನನ್ನ ಟ್ರಾಕ್ಟರಿಗೂ ಮಾಡ್ಲಿಲ್ಲ" ಎಂದಿದ್ದರು. ಹೆಗ್ಗನಹಳ್ಳಿ ಹಳ್ಳಿಯಾಗಿದ್ದಾಗ ಅವರು ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಈಗ ಅದೇ ಹೊಲದಲ್ಲಿ ಎದ್ದಿರುವ ಮನೆಗಳ ಬಾಡಿಗೆ ಬೆಳೆಯುತ್ತಾರೆ.

ದೀಪ ಕಾಣಿಸಿಕೊಂಡದ್ದು ಹಬ್ಬವಾದ ಹತ್ತು ಹನ್ನೆರಡು ದಿನಕ್ಕೆ. ಶಾಲೆಯಿಂದ ಬರುವಾಗ ಸುಂಕದಕಟ್ಟೆಯ ಹತ್ತಿರ ಒಂದು ಹಂಪ್ ಹತ್ತಿ ಇಳಿದೆ. ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಬ್ಯಾಟರಿಯ ಆಕಾರದ ಒಂದು ಕೆಂಪು ದೀಪ ಎರಡು ಸಲ ಮಿಣುಕಿ ಆರಿತು. ಮುಂದಿನ ಗುಂಡಿಯಲ್ಲಿ ಮತ್ತೆ ಮಿಣುಕಿತು. ಮನೆ ತಲುಪುವ ಹೊತ್ತಿಗೆ ನಮ್ಮಿಬ್ಬರಿಗೂ ಒಳ್ಳೆಯ ಪರಿಚಯವಾಗಿತ್ತು.

ಬೇರೆ ಯಾವ ದಿನವಾದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮುಂದಿನ ಭಾನುವಾರ ಹೇರೋಹಳ್ಳಿಯಲ್ಲಿ ಗಿರಿಜಾಳ ತಂಗಿ ಶೈಲಜಾಳ ಗೃಹಪ್ರವೇಶವಿತ್ತು. ಹತ್ತು ವರ್ಷ ಸೈಟಿನ ಮುಂದೆ ನಿಂತು ಕನಸು ಕಂಡು ಕಟ್ಟಿಸಿದ ಮನೆ. ಕೆಂಗೇರಿಯಲ್ಲಿರುವ ಅಯ್ಯನವರು ಬಂದು, ಅವರ ಪಾದಪೂಜೆಯಾಗಿ, ಆಮೇಲೆ ಹಾಲು ಉಕ್ಕಿಸಬೇಕು. ಹತ್ತೂವರೆಗೆ ಮುಹೂರ್ತ. ಅಯ್ಯನವರು ಗಿರಿಜಾಳ ತವರಿಗೆ ಮೊದಲಿನಿಂದಲೂ ಬೇಕಾದವರು, ನಮ್ಮ ಮದುವೆ ಮಾಡಿಸಿದವರೂ ಅವರೇ. ಅವರನ್ನು ಯಾರು ಕರೆತರುವುದು ಎಂಬ ಮಾತು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಕೈ ಎತ್ತಿ, "ಸದರಿ ಜವಾಬ್ದಾರಿ ನನ್ನದು" ಎಂದುಬಿಟ್ಟಿದ್ದೆ.

ದೀಪದ ವಿಷಯವನ್ನು ಮನೆಯಲ್ಲಿ ಹೇಳಬಾರದು ಅಂದುಕೊಂಡಿದ್ದೆ. ಮಾರನೆಯ ದಿನ ಗಿರಿಜಾಳನ್ನು ಕಚೇರಿಗೆ ಬಿಡುವಾಗ ದೀಪವೇ ಹೇಳಿತು.

"ರೀ, ಏನದು ಕೆಂಪಗೆ?"

"ಬ್ಯಾಟರಿ. ಚಿಕ್ಕ ವಿಷಯ. ಸಂಜೆ ನೋಡ್ತೀನಿ."

"ನೀವು ನೋಡ್ತೀರಾ?" ಅವಳು ನನ್ನ ಕಡೆ ತಿರುಗಿ ಕೂತಳು. "ಭಾನುವಾರಕ್ಕೆ ಟ್ಯಾಕ್ಸಿ ಹೇಳಿಬಿಡೋಣ. ಶೈಲೂ ಹತ್ತು ವರ್ಷದಿಂದ ಕಾಯ್ತಾ ಇದಾಳೆ."

ಮನೆಯಲ್ಲಿ ಕಾರಿದ್ದೂ ಅಯ್ಯನವರನ್ನು ಟ್ಯಾಕ್ಸಿಯಲ್ಲಿ ಕರೆತರುವುದೇ? ಹಿರಿಯ ಅಳಿಯನಾಗಿ ನನ್ನ ಮಾನ ಎಲ್ಲಿ ಉಳಿಯಿತು? ಇದನ್ನೇ ಸ್ವಲ್ಪ ಉದ್ದವಾಗಿ ಹೇಳಿದೆ. ಕಚೇರಿಯ ಬಾಗಿಲು ಬರುವವರೆಗೂ ಹೇಳಿದೆ. ಗಿರಿಜಾ ಇಳಿದು, ಕಿಟಕಿಯಲ್ಲಿ ಬಗ್ಗಿ ತೀರ್ಪು ಕೊಟ್ಟಳು.

"ಸರಿ. ಅಯ್ಯನವರು ಟೈಮಿಗೆ ಸರಿಯಾಗಿ ಶೈಲೂ ಮನೇಲಿದ್ರೆ ಈ ಕಾರು ನಮ್ಮನೇಲಿ ಇರುತ್ತೆ. ಇಲ್ಲಾಂದ್ರೆ ಸೋಮವಾರ ಮಾರೋದು. ನಮ್ಮ ಆಫೀಸಲ್ಲೇ ತಗೊಳೋರು ಇದಾರೆ."

"ಒಪ್ಪಿದೆ" ಎಂದೆ. ಸೋಲುವ ಸಾಧ್ಯತೆ ಇದ್ದಿದ್ದರೆ ಒಪ್ಪುತ್ತಿದ್ದೆನೇ?

ಅಂದು ಸಂಜೆಯೇ ತನಿಖೆ ಶುರುವಾಯಿತು. ಬಾನೆಟ್ ಎತ್ತಿದೆ. ಬ್ಯಾಟರಿಯ ಮೇಲೆ ವಿಭೂತಿಯ ಗೆರೆಗಳು ಇನ್ನೂ ಅಚ್ಚಳಿಯದೆ ಇದ್ದವು. ಟರ್ಮಿನಲ್ಲುಗಳ ಸುತ್ತ ಹಸಿರು ಬಿಳುಪಿನ ಪುಡಿ ಕೂತಿತ್ತು. ಸಿಕ್ಕಿತು ಕಳ್ಳ! ಅಡುಗೆಮನೆಯಿಂದ ಸೋಡಾ ಪುಡಿ, ಬಿಸಿನೀರು, ಬಚ್ಚಲಿನಿಂದ ಒಂದು ಹಳೆಯ ಟೂತ್‌ಬ್ರಷ್ ತಂದು ಉಜ್ಜಿದೆ. ನೊರೆ ಬಂತು. ಟರ್ಮಿನಲ್ಲುಗಳು ಬೆಳ್ಳಿಯ ಭರಣಿಯ ಹಾಗೆ ಹೊಳೆದವು. ಮಾರನೆಯ ದಿನ ಸುಂಕದಕಟ್ಟೆಯ ಹಂಪಿನ ಮೇಲೆ ದೀಪ ಎಂದಿನಂತೆ ಮಿಣುಕಿತು. ಟೂತ್‌ಬ್ರಷ್ ಹಳೆಯದಾಗಿರಲಿಲ್ಲ, ಗಿರಿಜಾ ಎರಡು ದಿನದ ಹಿಂದೆ ತಂದದ್ದಾಗಿತ್ತು ಎಂಬ ಒಂದು ವಿಷಯ ಮಾತ್ರ ಹೊಸದಾಗಿ ಬೆಳಕಿಗೆ ಬಂತು.

ಬುಧವಾರ ಗಂಗಣ್ಣನವರು ಗೇಟಿನ ಹತ್ತಿರ ಬಂದು ನಿಂತರು. "ಏನ್ ಮೇಷ್ಟ್ರೇ, ಗಾಡಿ ಹುಷಾರಿಲ್ವಾ?"

"ಬ್ಯಾಟರಿ ಸ್ವಲ್ಪ ವೀಕಾಗಿದೆ."

"ಸೆಲ್ಫ್ ಹೊಡೀತಾ ಇದ್ದಂಗೇ ಸ್ಟಾರ್ಟ್ ಆಯ್ತಲ್ಲ ಬೆಳಿಗ್ಗೆ. ಬ್ಯಾಟರಿ ವೀಕಾಗಿದ್ರೆ ಆಗ್ತಿತ್ತಾ? ಡೈನಮೋ ನೋಡ್ಸಿ. ನಮ್ಮ ಟ್ರಾಕ್ಟರ್‌ದು ಹಿಂಗೇ ಆಗಿತ್ತು. ಅದರ ವೈರು ಲೂಸಾಗಿತ್ತು, ಅಷ್ಟೇಯ."

ನಾನು ಅವರಿಗೆ ಡೈನಮೋಗೂ ಆಲ್ಟರ್ನೇಟರಿಗೂ ಇರುವ ವ್ಯತ್ಯಾಸವನ್ನು ವಿವರಿಸಿದೆ. ಗೇಟಿನ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದೆ. ಇಪ್ಪತ್ತು ನಿಮಿಷದ ನಂತರ ಗಂಗಣ್ಣನವರು, "ಏನೋಪ್ಪ, ನೀವು ಓದಿದೋರು" ಎಂದು, ಹಸುವಿಗೆ ಹುಲ್ಲು ಹಾಕಬೇಕೆಂದು ಹೇಳಿ ಹೋದರು. ಅವರ ಹತ್ತಿರ ಹಸು ಇಲ್ಲ ಎನ್ನುವುದು ಆಮೇಲೆ ನೆನಪಾಯಿತು.

ಗುರುವಾರ ಮಾಗಡಿ ರಸ್ತೆಯಲ್ಲಿರುವ ಒಂದು ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯವರು ಮೀಟರಿನ ಎರಡು ಕಡ್ಡಿ ಹಿಡಿದು ನೋಡಿದರು. "ಬ್ಯಾಟರಿ ಚೆನ್ನಾಗಿದೆ ಸಾರ್. ಇನ್ನೂ ಒಂದು ವರ್ಷ ಬರುತ್ತೆ."

"ದೀಪದಲ್ಲಿ ಬ್ಯಾಟರಿ ಚಿತ್ರ ಬರ್ತಿದೆ."

"ಆ ಚಿತ್ರ ಬಂದ್ರೆ ಬ್ಯಾಟರೀನೇ ಹೋಗಿರ್ಬೇಕು ಅಂತೇನಿಲ್ಲ ಸಾರ್. ಚಾರ್ಜಿಂಗ್ ಬರ್ತಿಲ್ಲ ಅಂತ ಅರ್ಥ. ಒಂದ್ನಿಮಿಷ, ಆಲ್ಟರ್ನೇಟರ್ ನೋಡೋಣ." ಅವರು ಬಗ್ಗಿ ಅರಿಶಿನದ ದಾರ ಕಟ್ಟಿದ್ದ ಕಡೆ ಕೈ ಹಾಕಿದರು.

"ಅಲ್ಲಿ ಮುಟ್ಟಬೇಡಿ" ಎಂದೆ. "ಪೂಜೆ ಮಾಡಿದ್ದು."

ಅವರು ಕೈ ಹಿಂದಕ್ಕೆ ತೆಗೆದು, ಕೆನ್ನೆ ಮುಟ್ಟಿಕೊಂಡರು. ಭಕ್ತರು. ಆಮೇಲೆ ನಾನು ಬ್ಯಾಟರಿಯ ಒಳಗೆ ನಡೆಯುವ ರಾಸಾಯನಿಕ ಕ್ರಿಯೆಯನ್ನು ಕುರಿತು ಮಾತಾಡಿ, ಹಳೆಯ ಬ್ಯಾಟರಿ ಕುಲುಕಿದಾಗ ಒಳಗಿನ ತಗಡುಗಳು ಅಲುಗಾಡಿ ದೀಪ ಮಿಣುಕುತ್ತದೆ, ಆದ್ದರಿಂದಲೇ ಅದು ಗುಂಡಿಯಲ್ಲಿ ಮಾತ್ರ ಬರುತ್ತದೆ ಎಂದು ಸಾಧಿಸಿದೆ. ಬೇಡ ಬೇಡ ಎಂದ ಅಂಗಡಿಯವರಿಂದ ಹೊಸ ಬ್ಯಾಟರಿ ಕೊಂಡೆ. ಗಿರಾಕಿಯನ್ನು ಅಂಗಡಿಯವನು ಒಪ್ಪಿಸುವುದನ್ನು ನೀವು ನೋಡಿರುತ್ತೀರಿ. ವ್ಯಾಪಾರವನ್ನು ಒಪ್ಪಿಕೊಳ್ಳುವಂತೆ ಅಂಗಡಿಯವನನ್ನೇ ಒಪ್ಪಿಸಿದ ಗಿರಾಕಿ ನಾನೊಬ್ಬನೇ ಇರಬೇಕು.

ಹೊಸ ಬ್ಯಾಟರಿಗೂ ಮೂರು ಗೆರೆ ವಿಭೂತಿ ಎಳೆದು ಹೊರಟೆ. ಹಂಪ್ ಬಂತು. ದೀಪ ಮಿಣುಕಿತು. ಹೊಸ ಬ್ಯಾಟರಿಯ ಸಂತೋಷಕ್ಕೋ ಏನೋ, ಈ ಸಲ ಇನ್ನೊಂದೆರಡು ಬಾರಿ ಹೆಚ್ಚಾಗಿಯೇ ಮಿಣುಕಿತು.

ಶುಕ್ರವಾರ ಬೆಲ್ಟಿನ ಸರದಿ. ಅದನ್ನು ಬಿಗಿ ಮಾಡಿದೆ. ಕಾರು ಮನೆಯಿಂದ ಹೊರಟರೆ ಮದುವೆಯ ಓಲಗದವರು ಹೊರಟಂತೆ ಕೀರಲು ಸ್ವರ ಬರತೊಡಗಿತು. ಬೀದಿಯ ನಾಯಿಗಳು ಹಿಂದೆ ಬಂದವು. ಮತ್ತೆ ಸಡಿಲ ಮಾಡಿದೆ. ದೀಪದಲ್ಲಿ ಏನೂ ಬದಲಾವಣೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಎಲ್ಲವನ್ನೂ ವೈಜ್ಞಾನಿಕವಾಗಿ ಪರಾಮರ್ಶಿಸಿದೆ. ಬ್ಯಾಟರಿ ಹೊಸದು. ಟರ್ಮಿನಲ್ ಶುಭ್ರ. ಬೆಲ್ಟ್ ಸರಿಯಾಗಿದೆ. ಕಾರು ಚೆನ್ನಾಗಿ ಓಡುತ್ತಿದೆ. ಆಲ್ಟರ್ನೇಟರಿಗೆ ನಾನೇ ಪೂಜೆ ಮಾಡಿದ್ದೇನೆ. ಹಾಗಾದರೆ ಉಳಿದದ್ದೇನು? ದೀಪ. ದೋಷವಿರುವುದು ದೀಪದಲ್ಲೇ! ಇಪ್ಪತ್ತೆರಡು ವರ್ಷದ ದೀಪ, ಅದಕ್ಕೂ ವಯಸ್ಸಾಗಿದೆ, ಕಂಡದ್ದನ್ನೂ ಕಾಣದ್ದನ್ನೂ ಹೇಳುತ್ತಿದೆ. ಇಷ್ಟು ಸರಳವಾದ ಉತ್ತರ ಐದು ದಿನ ಹೊಳೆಯದೇ ಹೋಯಿತಲ್ಲ ಎಂದು ನನ್ನ ಮೇಲೆ ನನಗೇ ಸ್ವಲ್ಪ ಬೇಸರವಾಯಿತು.

ಆದರೆ ಭಾನುವಾರ ಗಿರಿಜಾ ಕಾರಿನಲ್ಲಿರುತ್ತಾಳೆ. ದೀಪ ಮಿಣುಕಿದರೆ ವಾದ ಶುರುವಾಗುತ್ತದೆ. ಅಯ್ಯನವರ ಎದುರು ಗಂಡ ಹೆಂಡತಿ ವಾದ ಮಾಡುವುದು ಸರಿಯಲ್ಲ. ಶುಭಕಾರ್ಯದ ಶಾಂತಿಗೋಸ್ಕರ ದೀಪವನ್ನು ಮುಚ್ಚಬೇಕು. ಮೀಟರಿನ ಮೇಲಿನ ಗಾಜು ಎಂದೋ ಒಡೆದುಹೋಗಿದ್ದರಿಂದ ಕೈ ಹಾಕುವುದು ಸುಲಭ. ಯಾವುದರಿಂದ ಮುಚ್ಚುವುದು ಎಂದು ಯೋಚಿಸುತ್ತಾ ಮುಖ ತೊಳೆಯಲು ಹೋದೆ. ಬಚ್ಚಲಿನ ಕನ್ನಡಿಯ ಅಂಚಿನಲ್ಲಿ ಗಿರಿಜಾ ತೆಗೆದಂಟಿಸಿದ್ದ ಸ್ಟಿಕ್ಕರ್ ಬೊಟ್ಟುಗಳ ಸಾಲಿತ್ತು. ಎಲ್ಲರ ಮನೆಯಲ್ಲೂ ಇರುತ್ತದೆ. ಅದರಲ್ಲಿ ದೊಡ್ಡದಾದ, ಕಡುಗೆಂಪು ಬಣ್ಣದ ಒಂದನ್ನು ಆರಿಸಿ, ಹೋಗಿ ದೀಪದ ಮೇಲೆ ಅಂಟಿಸಿದೆ. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಅಲ್ಲಿಗೆ ದೋಷ ನಿವಾರಣೆಯಾಯಿತು.

ಭಾನುವಾರ ಒಂಬತ್ತಕ್ಕೆ ಕೆಂಗೇರಿ ಉಪನಗರದಲ್ಲಿ ಅಯ್ಯನವರ ಮನೆಯ ಮುಂದೆ ಇದ್ದೆವು. ಆಕಾಶ ಮುಚ್ಚಿಕೊಂಡು ಸಣ್ಣಗೆ ಹನಿಯುತ್ತಿತ್ತು. ಅಯ್ಯನವರು ಹಾವೇರಿ ಕಡೆಯವರು. ಅರವತ್ತೈದು ದಾಟಿದೆ, ಮಾತು ಕಡಿಮೆ. ಅವರನ್ನು ಮುಂದೆ ಕೂರಿಸಿದೆ. ಗಿರಿಜಾ ಹಿಂದೆ, ಹಾಲು ಉಕ್ಕಿಸುವ ಹೊಸ ಹಿತ್ತಾಳೆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕ್ಕನ ಮನೆಯಿಂದ ಹೋಗುವ ಪಾತ್ರೆ ಅದು. ಅಂದರೆ ಪಾದಪೂಜೆಗೆ ಬೇಕಾದ ಪಾದಗಳೂ, ಹಾಲಿಗೆ ಬೇಕಾದ ಪಾತ್ರೆಯೂ ನನ್ನ ಕಾರಿನಲ್ಲೇ ಇದ್ದವು. ನಾನು ತಲುಪದೆ ಹೇರೋಹಳ್ಳಿಯಲ್ಲಿ ಏನೂ ಶುರುವಾಗುವಂತಿರಲಿಲ್ಲ. ಇಂಥ ಮಹತ್ವ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಅಯ್ಯನವರಿಗೆ ಯಾವ ಕೊರತೆಯೂ ಆಗಬಾರದೆಂದು ಎ.ಸಿ. ಹಾಕಿದೆ. ಭಕ್ತಿಗೀತೆಯ ಕ್ಯಾಸೆಟ್ ಹಾಕಿದೆ. ಹನಿಗೆ ವೈಪರ್ ಹಾಕಿದೆ. ಮಬ್ಬಿಗೆ ಮುಂದಿನ ದೀಪ ಹಾಕಿದೆ. ಹಾಕುವಂಥದ್ದು ಇನ್ನೇನೂ ಉಳಿದಿರಲಿಲ್ಲ.

ಉಲ್ಲಾಳದ ರಸ್ತೆಗೆ ಬಂದ ಮೇಲೆ ಅಯ್ಯನವರು ನನ್ನ ಮುಂದಿನ ಮೀಟರಿನ ಕಡೆ ಬಗ್ಗಿ ನೋಡಿದರು.

"ಮಾಸ್ತರ, ಆ ಬೊಟ್ಟು ಅಲ್ಲ್ಯಾಕ ಐತ್ರಿ?"

"ಅದು... ದೃಷ್ಟಿಬೊಟ್ಟು ಅಯ್ಯನವರೇ. ಕಾರಿಗೆ ಯಾರ ಕಣ್ಣೂ ಬೀಳದೇ ಇರಲಿ ಅಂತ."

"ಹೌದೇನ್ರಿ" ಎಂದರು. ಹಿಂದಿನಿಂದ ಗಿರಿಜಾ, "ಇವರಿಗೆ ಇಷ್ಟೊಂದು ಭಕ್ತಿ ಯಾವಾಗ ಬಂತೋ" ಎಂದಳು. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಸಂಶಯ ಪೂರ್ತಿ ಹುಟ್ಟಿರಲಿಲ್ಲ, ಹುಟ್ಟುವುದರಲ್ಲಿತ್ತು. ಮಾತು ಬದಲಾಯಿಸಬೇಕಿತ್ತು. ಅದಕ್ಕೆ ಅಯ್ಯನವರಿಗೆ ಕಾರಿನ ವಿದ್ಯುತ್ ವ್ಯವಸ್ಥೆಯನ್ನು ಪರಿಚಯ ಮಾಡಿಸತೊಡಗಿದೆ.

"ನೋಡಿ ಅಯ್ಯನವರೇ, ಕಾರಿನಲ್ಲಿ ಆಲ್ಟರ್ನೇಟರ್ ಅಂತ ಒಂದಿರುತ್ತೆ."

"ಹೌದೇನ್ರಿ."

"ಎಂಜಿನ್ ತಿರುಗಿದ ಹಾಗೆ ಅದೂ ತಿರುಗುತ್ತೆ. ಅದರಿಂದ ಕರೆಂಟು ಹುಟ್ಟುತ್ತೆ."

"ಭಾಳ ಚಲೋ."

"ರೀ, ಅಯ್ಯನವರಿಗೆ ಗೊತ್ತಿರುತ್ತೆ" ಎಂದಳು ಗಿರಿಜಾ.

ಹಿರಿಯರಿಗೆ ಮರ್ಯಾದೆಗೋಸ್ಕರ ಹೇಳುವ ಮಾತು ಎಂದುಕೊಂಡು ನಾನು ನಿಲ್ಲಿಸಲಿಲ್ಲ. ತಂತಿಯ ಸುರುಳಿ, ಅಯಸ್ಕಾಂತ, ನೇರ ಪ್ರವಾಹ, ಪರ್ಯಾಯ ಪ್ರವಾಹ, ಒಂದನ್ನೂ ಬಿಡಲಿಲ್ಲ. ನಡುವೆ ಎರಡು ಪ್ರಶ್ನೆಯನ್ನೂ ಕೇಳಿದೆ. ಅಯ್ಯನವರು ಎರಡಕ್ಕೂ ಸರಿಯಾದ ಉತ್ತರ ಕೊಟ್ಟರು. "ನೀವು ಚಿಕ್ಕಂದಿನಲ್ಲಿ ಚೆನ್ನಾಗಿ ಓದಿರಬೇಕು" ಎಂದು ಮೆಚ್ಚುಗೆ ಸೂಚಿಸಿದೆ.

ಉಲ್ಲಾಳ ದಾಟಿದ ಮೇಲೆ ರಸ್ತೆ ರಸ್ತೆಯಾಗಿ ಉಳಿಯಲಿಲ್ಲ. ಪೈಪು ಹಾಕಲು ಅಗೆದು, ಮುಚ್ಚಿ, ಮತ್ತೆ ಅಗೆದಿದ್ದರು. ಒಂದು ದೊಡ್ಡ ಗುಂಡಿಯಲ್ಲಿ ಕಾರು ಇಳಿದು ಎದ್ದಿತು. ಒಳಗೆಲ್ಲೋ ಟಕ್ ಎಂದಿತು. ಅಯ್ಯನವರು ತಟ್ಟನೆ ತಲೆ ಎತ್ತಿ ಬಾನೆಟ್ಟಿನ ಕಡೆ ಕಿವಿ ಕೊಟ್ಟರು. ಏನೋ ಹೇಳಲು ಬಾಯಿ ತೆರೆದರು. ನಾನು ಪರ್ಯಾಯ ಪ್ರವಾಹದ ಕೊನೆಯ ಭಾಗದಲ್ಲಿದ್ದೆ, ಅವರಿಗೆ ಅವಕಾಶವಾಗಲಿಲ್ಲ.

ಅಲ್ಲಿಂದ ಮುಂದೆ ಟ್ರಾಫಿಕ್ಕಿನಲ್ಲಿ ಆಮೆಯ ನಡಿಗೆ. ಅರ್ಧ ಗಂಟೆಯ ಮೇಲೆ ವೈಪರ್ ನಿಧಾನವಾಯಿತು. ಕ್ಯಾಸೆಟ್ಟಿನ ಗಾಯಕಿಯ ಇಂಪಾದ ದನಿ ಇಳಿಯುತ್ತಾ ಇಳಿಯುತ್ತಾ ಗಂಡಸಿನ ದನಿಯಾಯಿತು, ಆಮೇಲೆ ಎಮ್ಮೆಯ ದನಿಯಾಯಿತು. "ಟೇಪ್ ಹಳೇದು" ಎಂದೆ. ವೈಪರ್ ಗಾಜಿನ ನಡುವೆ ಕೈ ಚೆಲ್ಲಿ ನಿಂತಿತು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹೇರೋಹಳ್ಳಿಗೆ ಇನ್ನೂ ಎರಡು ಕಿಲೋಮೀಟರ್. ಗಂಟೆ ಹತ್ತು ಹತ್ತು.

ಕೀಲಿ ತಿರುಗಿಸಿದೆ. ಕಟ್, ಕಟ್ ಎಂದಿತು. ಮತ್ತೆ ತಿರುಗಿಸಿದೆ. ಅಷ್ಟೂ ಅನ್ನಲಿಲ್ಲ.

ಕಾರನ್ನು ಒಂದು ಬೇಕರಿಯ ಮುಂದೆ ಪಕ್ಕಕ್ಕೆ ತಳ್ಳಿದೆವು. ಗಿರಿಜಾ ಪಾತ್ರೆಯನ್ನು ಬೇಕರಿಯವರ ಕೈಗೆ ಕೊಟ್ಟು ಬಂದು ತಳ್ಳಿದಳು. ಬಿಡಿ ಎಂದರೂ ಕೇಳದೆ ಅಯ್ಯನವರೂ ಒಂದು ಕೈ ಹಾಕಿದರು. ಗಿರಿಜಾಳ ಮುಖವೆಲ್ಲ ಬೆವರು, ಹನಿ. ಸೆರಗಿನಿಂದ ಒರೆಸಿಕೊಂಡಳು. ಫೋನ್ ರಿಂಗಾಯಿತು. ಶೈಲಜಾ.

"ಬಂದ್ವಿ ಕಣೇ, ಇಲ್ಲೇ ಇದೀವಿ" ಎಂದು ಇಟ್ಟಳು. ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಮಾತ್ರ ನಾನು ನೋಡಿದೆ. ಅಷ್ಟು ಹೊತ್ತು ಎಲ್ಲೂ ಕೈ ಕೊಡದ ನನ್ನ ಧೈರ್ಯ ಅಲ್ಲಿ ಸ್ವಲ್ಪ ಕೈ ಕೊಟ್ಟಿತು. ಕಾರು ಹೋಗುವುದಿರಲಿ, ಹತ್ತು ವರ್ಷ ಕಾದ ಹುಡುಗಿಯ ಹಾಲು ಉಕ್ಕುವ ಹೊತ್ತನ್ನು ನಾನು ರಸ್ತೆಯಲ್ಲಿ ಚೆಲ್ಲುತ್ತಿದ್ದೇನೆ ಅನ್ನಿಸಿ ನಾಚಿಕೆಯಾಯಿತು.

ಗಿರಿಜಾ ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಮುಖ ಒರೆಸುವಾಗ ಹಣೆಯ ಬೊಟ್ಟು ಬಿದ್ದುಹೋಗಿತ್ತು. ಬೋಳು ಹಣೆಯಲ್ಲಿ ಶುಭಕಾರ್ಯಕ್ಕೆ ಹೋಗುವುದುಂಟೇ? ಬ್ಯಾಗಿನಲ್ಲಿ ಹುಡುಕಿದಳು, ಇರಲಿಲ್ಲ.

"ಇಲ್ಲೊಂದು ಇದ್ಯಲ್ಲ" ಎಂದು ಡ್ರೈವರ್ ಬಾಗಿಲಿನಿಂದ ಬಗ್ಗಿದಳು.

"ಗಿರಿಜಾ, ಅದನ್ನ ತೆಗೀಬೇಡ."

"ಕಾರಿನ ದೃಷ್ಟಿಗಿಂತ ನನ್ನ ಹಣೆ ಮುಖ್ಯ" ಎಂದು ಕಿತ್ತಳು.

ಕೀಲಿ ಇನ್ನೂ ತಿರುಗಿಸಿದಂತೆಯೇ ಇತ್ತು. ಬೊಟ್ಟಿನ ಕೆಳಗೆ ಇನ್ನೊಂದು ಬೊಟ್ಟಿತ್ತು. ಅದು ಉರಿಯುತ್ತಿತ್ತು. ಮಂಕಾಗಿ, ಆದರೆ ಮಿಣುಕದೆ, ಸ್ಥಿರವಾಗಿ.

ಗಿರಿಜಾ ದೀಪವನ್ನು ನೋಡಿದಳು. ಬೆರಳ ತುದಿಯ ಬೊಟ್ಟನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಬೊಟ್ಟನ್ನು ಹಣೆಗೆ ಇಟ್ಟುಕೊಂಡು, ಬಹಳ ಮೆಲ್ಲಗೆ ಕೇಳಿದಳು.

"ಇದು ನನ್ನ ಬೊಟ್ಟು. ಅಲ್ವಾ?"

ಮೂವತ್ತು ವರ್ಷ ಪ್ರಶ್ನೆ ಕೇಳಿ ಅಭ್ಯಾಸವಿರುವ ನನಗೆ ಉತ್ತರ ಹೇಳಿ ಅಭ್ಯಾಸ ಸಾಲದು.

ಅಷ್ಟರಲ್ಲಿ ಅಯ್ಯನವರು ಶಲ್ಯವನ್ನು ತೆಗೆದು ಸೀಟಿನ ಮೇಲಿಟ್ಟು ತೋಳು ಮಡಿಸಿದ್ದರು. "ಬಾನೆಟ್ ತಗೀರಿ ಮಾಸ್ತರ."

ತೆಗೆದೆ. ಅವರು ಹೊಸ ಬ್ಯಾಟರಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನ್ನಿನ ಪಕ್ಕಕ್ಕೆ ನೇರವಾಗಿ ಕೈ ಇಳಿಸಿದರು. "ಈ ದಾರ ಕಟ್ಟಿದವರು ಯಾರ್ರಿ?"

"ನಾನೇ" ಎಂದೆ. ಹೆಮ್ಮೆಯ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. "ಆಯುಧಪೂಜೆಗೆ."

"ಇದು ಆಲ್ಟರ್ನೇಟರಿಗೆ ವೈರು ಕೂಡಸೋ ಕಪ್ಲರ್ ರೀ. ನೀವು ದಾರ ಬಿಗಿಯಾಕ ಹೋಗಿ ಇದರ ಲಾಕ್ ಎಬ್ಬಿಸೀರಿ. ಅರ್ಧ ಹೊರಗ ಬಂದಿತ್ತು. ಗುಂಡಿ ಬಂದಾಗೊಮ್ಮೆ ಅಳ್ಳಾಡತಿತ್ತು, ದೀಪ ಮಿಣುಕತಿತ್ತು. ಅಲ್ಲೆ ದೊಡ್ಡ ಗುಂಡ್ಯಾಗ ಪೂರಾ ಕಿತ್ತು ಬಂದೈತಿ. ಆವಾಗಿಂದ ಬರೇ ಬ್ಯಾಟರಿ ಮ್ಯಾಲೆ ಓಡೇತಿ ನಿಮ್ಮ ಗಾಡಿ."

ಅವರು ಗಂಟನ್ನು ಬಿಚ್ಚಿ ದಾರವನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು. ನೇತಾಡುತ್ತಿದ್ದ ತಂತಿಯ ತುದಿಯನ್ನು ಹಿಡಿದು ಒಂದು ಬೆರಳಿನಿಂದ ಒತ್ತಿದರು. ಟಕ್. ಆರು ದಿನದ ನನ್ನ ಸಂಶೋಧನೆಗೆ ಉತ್ತರ ಆ ಟಕ್.

"ಅಯ್ಯನವರೇ, ನಿಮಗೆ ಇದೆಲ್ಲ ಹೇಗೆ..."

"ಬಸ್ ಡಿಪೋದಾಗ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಇದ್ದೆ ರೀ. ರಜಾ ದಿವಸ ಪೂಜಾ ಮಾಡಸತಿದ್ದೆ."

ನಾನು ಗಿರಿಜಾಳ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತು. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಅವರು ಏನು ಕೆಲಸ ಮಾಡ್ತಾರೆ ಅಂತ ಒಂದ್ಸಲನಾದ್ರೂ ಕೇಳಿದೀರಾ? ನೀವು ಹೇಳೋದೇ ಮುಗಿಯಲ್ಲ, ಕೇಳೋದು ಯಾವಾಗ?"

ಅಯ್ಯನವರಿಗೆ ಅಯಸ್ಕಾಂತ ಎಂದರೇನು ಎಂದು ವಿವರಿಸಿದ್ದು ಆಗ ನೆನಪಾಯಿತು. ಸರಿಯುತ್ತರಕ್ಕೆ ಶಹಬ್ಬಾಸ್ ಹೇಳಿದ್ದೂ ನೆನಪಾಯಿತು. ಬೇಕರಿಯ ಒಳಗೆ ಹೋಗಿ ಅಲ್ಲೇ ಕೆಲಸಕ್ಕೆ ಸೇರಿಕೊಂಡುಬಿಡಲೇ ಅನ್ನಿಸಿತು.

ಅಯ್ಯನವರು ಎ.ಸಿ., ದೀಪ, ಕ್ಯಾಸೆಟ್, ವೈಪರ್ ಎಲ್ಲವನ್ನೂ ಆರಿಸಿ, ಐದು ನಿಮಿಷ ಕಾರನ್ನು ಸುಮ್ಮನೆ ಬಿಟ್ಟರು. ಆಮೇಲೆ ಡ್ರೈವರ್ ಸೀಟಿನಲ್ಲಿ ತಾವೇ ಕೂತರು. "ತಳ್ಳಿ ಸ್ಟಾರ್ಟ್ ಮಾಡೋದಕ್ಕ ಕ್ಲಚ್ ಬಿಡೋ ಲೆಕ್ಕ ಗೊತ್ತಿರಬೇಕ್ರಿ. ನೀವು ತಳ್ರಿ ಮಾಸ್ತರ."

ತಳ್ಳಿದೆ. ಗಿರಿಜಾ ತಳ್ಳಿದಳು. ಬೇಕರಿಯವರೂ, ಪಫ್ಸ್ ತಿನ್ನುತ್ತಿದ್ದ ಇಬ್ಬರೂ ಬಂದು ತಳ್ಳಿದರು. "ಇನ್ನೊಂದು ಸ್ವಲ್ಪ ಗುರು, ಬಂತು ಬಂತು" ಎಂದು ಒಬ್ಬ ನನ್ನ ಬೆನ್ನನ್ನೂ ಸೇರಿಸಿ ತಳ್ಳಿದ. ಕಾರು ಜಿಗಿದು ಗುರ್ ಎಂದಿತು. ಮೀಟರಿನಲ್ಲಿ ಕೆಂಪು ದೀಪ ಆರಿತು. ಈಗ ನಿಲ್ಲಿಸಿ ಸೀಟು ಬದಲಾಯಿಸುವ ಧೈರ್ಯ ಯಾರಿಗೂ ಇರಲಿಲ್ಲ. ಗಿರಿಜಾ ಮುಂದೆ ಹತ್ತಿದಳು. ನನಗೆ ಹಿಂದಿನ ಸೀಟು ಸಿಕ್ಕಿತು. ಹಿತ್ತಾಳೆ ಪಾತ್ರೆ ನನ್ನ ತೊಡೆಯ ಮೇಲೆ ಬಂತು.

ಹೊಸ ಮನೆಯ ಮುಂದೆ ಮಾವಿನ ತೋರಣ, ಚಪ್ಪರ, ಆರತಿ ತಟ್ಟೆ ಹಿಡಿದು ನಿಂತ ಹೆಂಗಸರು. ಕಾಲಿಗೆ ನೀರು ಹಾಕಲು ಚೊಂಬು ಹಿಡಿದ ಶೈಲಜಾ ಕಾರಿನ ಎಡಗಡೆಯ ಮುಂಬಾಗಿಲಿಗೆ ಬಂದು ನಿಂತಿದ್ದಳು. ಅಯ್ಯನವರು ಬಲಗಡೆಯಿಂದ, ಸ್ಟೇರಿಂಗ್ ಬಿಟ್ಟು ಇಳಿದರು. ಆರತಿ ತಟ್ಟೆಗಳೆಲ್ಲ ಎಡದಿಂದ ಬಲಕ್ಕೆ ತಿರುಗಿದವು. ಆಮೇಲೆ ಹಿಂದಿನ ಬಾಗಿಲು ತೆರೆದು, ಎರಡೂ ಕೈಗೆ ಮಸಿ ಬಳಿದುಕೊಂಡು, ಪಾತ್ರೆಯನ್ನು ತಬ್ಬಿಕೊಂಡು ನಾನು ಇಳಿದೆ.

"ಅಯ್ಯನವರನ್ನ ಕರ್ಕೊಂಡು ಬರ್ತೀನಿ ಅಂತ ಹೋದ್ರಲ್ಲ ಭಾವ" ಎಂದಳು ಶೈಲಜಾ. "ಅಯ್ಯನವರೇ ನಿಮ್ಮನ್ನ ಕರ್ಕೊಂಡು ಬಂದ್ರಾ?"

ಗಂಟೆ ಹತ್ತು ಇಪ್ಪತ್ತೆಂಟು. ಪಾದಪೂಜೆಯಾಯಿತು. ಹಾಲು ಉಕ್ಕಿತು. ಶೈಲಜಾ ಅತ್ತಳು, ಗಿರಿಜಾಳೂ ಅತ್ತಳು. ನಾನು ಮಸಿಯ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದೆ. ಬಾಜಿ ಗೆದ್ದೆನೋ ಸೋತೆನೋ ಎಂದು ಕೇಳುವ ಧೈರ್ಯವಾಗಲಿಲ್ಲ. ಊಟಕ್ಕೆ ಕೂತಾಗ ಗಿರಿಜಾಳೇ ಅಯ್ಯನವರನ್ನು ಕೇಳಿದಳು.

"ಅಯ್ಯನವರೇ, ಈ ಕಾರು ಇಟ್ಕೋಬಹುದಾ, ಮಾರಿಬಿಡೋದಾ?"

"ಗಾಡ್ಯಾಗ ಏನೂ ದೋಷ ಇಲ್ಲ ಬಿಡವ್ವಾ" ಎಂದರು ಅಯ್ಯನವರು. ಗಾಡಿ ಎಂಬ ಮಾತಿಗೆ ಅವರು ಕೊಟ್ಟ ಒತ್ತು ಪಂಕ್ತಿಯ ಕೊನೆಯವರೆಗೂ ಕೇಳಿಸಿತು. ಆಮೇಲೆ ಕೈ ತೊಳೆದು ಬಂದು, ಜೇಬಿನಿಂದ ಆ ಅರಿಶಿನದ ದಾರ ತೆಗೆದರು. ಅದು ಈಗ ಅರ್ಧ ಹಳದಿ, ಅರ್ಧ ಕಪ್ಪು. "ಮಾಸ್ತರ, ಬಲಗೈ ಕೊಡ್ರಿ" ಎಂದು ಎಲ್ಲರ ಎದುರು ನನ್ನ ಮಣಿಕಟ್ಟಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದರು.

"ಇದು ಇಲ್ಲೇ ಇರ್ಲಿ. ಎಲ್ಲಿಯಾರ ಕೈ ಹಾಕೋ ಮುಂದ ಸ್ವಲ್ಪ ತಡಿತೈತಿ."

ಕಾರು ನಮ್ಮ ಮನೆಯಲ್ಲೇ ಉಳಿದಿದೆ. ದೀಪ ಮತ್ತೆ ಮಿಣುಕಿಲ್ಲ. ದಾರವೂ ಕೈಯಲ್ಲೇ ಇದೆ. ಶಾಲೆಯಲ್ಲಿ ಯಾವ ಹರಕೆ ಎಂದು ಕೇಳಿದವರಿಗೆ ಹೊಟ್ಟೆನೋವಿನದು ಎಂದು ಹೇಳಿದ್ದೇನೆ. ಮೊನ್ನೆ ಬೆಳಿಗ್ಗೆ ಮಿಕ್ಸಿ ಗರ್ ಎಂದು ನಿಂತಿತು. ಮೂವತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದವನಿಗೆ ಮಿಕ್ಸಿ ಯಾವ ಮಹಾ ಎಂದುಕೊಂಡು ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಗೆ ಹೋದೆ. ಗಿರಿಜಾ ನನ್ನ ಮಣಿಕಟ್ಟನ್ನು ಒಮ್ಮೆ ನೋಡಿದಳು. ನಾನು ಸ್ಕ್ರೂಡ್ರೈವರನ್ನು ಡಬ್ಬಕ್ಕೆ ಹಾಕಿ, ಗಂಗಣ್ಣನವರ ಮನೆಗೆ ಹೋಗಿ, ಮಿಕ್ಸಿ ರಿಪೇರಿ ಮಾಡುವವರು ಯಾರಾದರೂ ಗೊತ್ತೇ ಎಂದು ಕೇಳಿದೆ.

ಗಂಗಣ್ಣನವರು ಇಪ್ಪತ್ತು ನಿಮಿಷ ವಿವರಿಸಿದರು. ನಾನು ಕೊನೆಯವರೆಗೂ ಕೇಳಿದೆ.